ಹೊಸ್ತಿಲು ಮುಟ್ಟದ ಉಡಿ

ಬುದ್ಧನೆಂಬ ಬೆಳಕಿಗೆ, ಧಮ್ಮವೆಂಬ ದಾರಿಗೆ, ಸಂಘವೆಂಬ ನೆರಳಿಗೆ ಶಿರಬಾಗಿ—

ಬುದ್ಧವರ್ಷ ೨೫೬೮, ಮಾಘ ಪೂರ್ಣಿಮೆ, ಬುಧವಾರ. ೧೨ ಫೆಬ್ರುವರಿ ೨೦೨೫. ಕಮಲಾಪುರ, ಸಂಜೆ.

ಬೆಳಗಿನ ವಂದನೆ ಮುಗಿಸಿ ಕಲಬುರಗಿ ಬ್ರಹ್ಮಪುರದ ಮನೆಗೆ ಬೀಗ ಹಾಕಿದ್ದಾಯಿತು. ಹಾಲಿನವನಿಗೂ ಹೇಳಿಯಾಯಿತು. ಅವಸರವಿಲ್ಲದ ಪ್ರಯಾಣ — ರೈಲಿನಲ್ಲಿ ಭುವನೇಶ್ವರ. ಆ ಪುರಾತನ ನಗರವನ್ನು ಕಣ್ತುಂಬ ನೋಡಿ, ಅಲ್ಲಿಂದ ಪುರಿಯ ಕಡಲತೀರ. ಟಿಕೆಟ್ ಮಾಡಿಸಿದವಳು ಮಗಳು ಪಂಚಶೀಲಾ. ಇಬ್ಬರಿಗೂ ಲೋವರ್ ಬರ್ತ್. ಹೆಂಡತಿ ಶೇವಂತಾ ಈ ವಯಸ್ಸಿನವರೆಗೂ ಸಮುದ್ರ ಕಂಡವಳಲ್ಲ. ಹೊರಡುವ ಮುನ್ನ ತವರಿನ ಮುಖ ನೋಡಿಯೇ ಹೋಗಬೇಕೆಂದಳು. ಬಂದೆವು. ಸಾಮಾನೂ ಜೊತೆಗಿದೆ, ಇಲ್ಲಿಂದ ನೇರ ಸ್ಟೇಶನ್.

ಆಕೆಯ ಅಣ್ಣನ ಹೆಂಡತಿ ಭಾಗಮ್ಮ ಉಡಿ ತುಂಬಲು ಕುಳಿತರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು. ದೀಕ್ಷೆ ಪಡೆದ ಮನೆಯಲ್ಲಿ ಇದೆಲ್ಲ ಏಕೆಂದು ಕೇಳಿದೆ.

“ಧಮ್ಮ ನಿಮ್ದು ಮಾಸ್ತರ, ಉಡಿ ನಮ್ದು. ತವರಿಂದ ಹೆಣ್ಣು ಬರಿ ಸೆರಗಿನ್ಯಾಗ ಹೋಗ್ತದೇನು?”

“ಇದರಾಗ ಬುದ್ಧ ಎಲ್ಲಿ ಬಂದ?”

“ಅಂವ ಹಸದು ಕೂತಾಗ ಪಾಯಸ ತಂದುಕೊಟ್ಟಾಕಿ ಹೆಣ್ಣೇ ಅಲ್ಲೇನ್ರಿ?”

ಸೋತೆ. ಎಲ್ಲರೂ ನಕ್ಕರು. ಬಳಿಕ ಭಾಗಮ್ಮನ ದನಿ ತಗ್ಗಿತು.

“ಉಡಿ ತುಂಬ್ಕೊಂಡಾಕಿ ಸೀದಾ ತನ್ನ ಮನಿ ಹೊಸ್ತಿಲು ತುಳೀಬೇಕ್ರಿ. ಗಂಟು ಅಲ್ಲೇ ಬಿಚ್ಚಬೇಕು. ಅಲ್ಲೀತನಕ ಆಕಿ ತವರಿಂದ ಹೊಂಟಾಕಿ ಅಷ್ಟ, ಮನಿ ಮುಟ್ಟಿದಾಕಿ ಅಲ್ಲ. ಮನಿಗೆ ಹೋಗಿ ಬಿಚ್ಚಿಟ್ಟು ಆಮ್ಯಾಲೆ ಗಾಡಿ ಹತ್ತ್ರಿ.”

ಬೀಗ ಹಾಕಿದ ಮನೆಯನ್ನು ಹಿಡಿ ಅಕ್ಕಿಗಾಗಿ ತೆರೆಯುವುದೇ? ಬೇಡವೆಂದೆ. ಶೇವಂತಾ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

೧೩, ಗುರುವಾರ. ರೈಲಿನಲ್ಲಿ.

ತೆಲುಗು ನಾಡಿನ ಬಯಲುಗಳು. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಶೇವಂತಾ ಬೋಗಿಗೆಲ್ಲ ಹಂಚಿದಳು. ಭಾಷೆ ಬಾರದಿದ್ದರೂ ಎದುರು ಸೀಟಿನವರೊಡನೆ ನಗು. ನಾನು ನಿಲ್ದಾಣಗಳ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದೆ.

“ಸಾಕ್ ಬಿಡ್ರಿ. ರಿಟೈರ್ ಆಗಿ ಎಷ್ಟ್ ವರ್ಷಾತು? ಇಲ್ಲಿ ಯಾರೂ ಪರೀಕ್ಷಾ ಬರ್ಯಾಂಗಿಲ್ಲ.”

ಇಷ್ಟು ಹಗುರಾಗಿ ಆಕೆಯನ್ನು ಕಂಡು ಬಹುಕಾಲವಾಗಿತ್ತು.

೧೫, ಶನಿವಾರ. ಭುವನೇಶ್ವರ.

ಧೌಲಿಯ ಬಂಡೆಯ ಮುಂದೆ ಕೈಮುಗಿದು ನಿಂತೆ. ಅಶೋಕ ಮಹಾರಾಜನ ಅಕ್ಷರಗಳು. ನಮ್ಮ ಭೀಮಾ ದಂಡೆಯ ಸನ್ನತಿಯಲ್ಲಿ ದೊರೆತ ಕಲ್ಲಿನ ಕೆಲವು ಮಾತುಗಳೇ ಇಲ್ಲಿಯೂ ಇವೆ. ಒಂದೇ ವಾಕ್ಯ ಏಕಕಾಲಕ್ಕೆ ಎರಡು ಊರುಗಳಲ್ಲಿ ಇರಬಲ್ಲದು; ಮನುಷ್ಯರಿಗೆ ಆ ಭಾಗ್ಯವಿಲ್ಲ ಎಂದೆ. ಶೇವಂತಾ ಸೊಂಟದ ಗಂಟನ್ನು ಮುಟ್ಟಿ ನೋಡಿಕೊಂಡಳು.

“ಕಲ್ಲಿಗೆ ತವರಿಲ್ಲಲ್ರಿ, ಅದಕ್ಕ,” ಅಂದಳು.

೧೭, ಸೋಮವಾರ. ಪುರಿ.

ಕಡಲು! ಮಗುವಿನಂತೆ ಓಡಿದಳು. ತೆರೆ ಬಂದು ಸೊಂಟದವರೆಗೆ ತೋಯಿಸಿತು. ಅಕ್ಕಿ ನೆನೆದು ಗಂಟು ಕಲ್ಲಿನಂತೆ ಭಾರ. ಸೆರಗು ಎಳೆದು ಬೀಳುವಂತಾದಳು. ನಾನೇ ಹಿಡಿದು, ಗಂಟು ಬಿಚ್ಚಿ ನೀರಿಗೆ ಸುರುವಿದೆ. ಕೊಬ್ಬರಿ ಬಟ್ಟಲು ತೇಲುತ್ತ ಹೋಯಿತು.

ಶೇವಂತಾ ಅದನ್ನೇ ನೋಡುತ್ತ ನಿಂತಳು. ನಗು ಅಲ್ಲಿಗೇ ನಿಂತಿತು.

“ಇನ್ನ ನಾ ಎಲ್ಲಿ ಹೋಗಿ ಮುಟ್ಟಬೇಕ್ರಿ?”

೧೮. ಪುರಿ.

ಭಾಗಮ್ಮನ ಫೋನ್. “ಮಾಸ್ತರ, ಈಕಿನ ಕರ್ಕೊಂಡು ಹೋಗಾಕ ಯಾವಾಗ ಬರ್ತೀರಿ?” ಯಾರನ್ನು ಎಂದೆ. “ಏ, ಚ್ಯಾಷ್ಟಿ ಬಿಡ್ರಿ,” ಎಂದು ಇಟ್ಟುಬಿಟ್ಟರು.

ವಯಸ್ಸಾಯಿತು ಪಾಪ. ಶೇವಂತಾಗೆ ಹೇಳಿದೆ. ಆಕೆಗೆ ಅಚ್ಚರಿಯಾಗಲಿಲ್ಲ... ಅದೇ ನನಗೆ ಅಚ್ಚರಿ.

೨೨, ಶನಿವಾರ. ಬ್ರಹ್ಮಪುರ.

ನಿನ್ನೆ ತಲುಪಿದೆವು. ಹಿಂದಿರುಗುವಾಗ ದಾರಿಯುದ್ದಕ್ಕೂ ಆಕೆ ಕಿಟಕಿಯಾಚೆಗೇ ನೋಡುತ್ತಿದ್ದಳು. ಬೀಗ ತೆಗೆದು ಒಳಗೆ ಹೋದೆ. ಆಕೆ ಹೊರಗೇ ನಿಂತಿದ್ದಳು. “ಬಾ ಅನ್ರಿ.” ತನ್ನ ಮನೆಗೆ ತನ್ನನ್ನೇ ಕರೆಯಬೇಕೇ? ಕರೆದೆ. ಪಡಸಾಲೆಯ ಕುರ್ಚಿಯ ತುದಿಯಲ್ಲಿ ಬೀಗಿತ್ತಿಯಂತೆ ಕುಳಿತಳು. ಬಾಯಾರಿಕೆಯಾದಾಗ ಕೇಳಿದಳು —

“ನೀರು ಎಲ್ಲಿ ಇಡ್ತೀರಿ?”

ಅಡುಗೆಮನೆಗೆ ಕಾಲಿಡುತ್ತಿಲ್ಲ. “ಮಂದಿ ಮನಿ ಒಲಿಗೆ ಕೈ ಹ್ಯಾಂಗ ಹಚ್ಚಲಿ?” ಇಂದು ಪಂಚಶೀಲಾ ಜೇವರ್ಗಿ ಕಾಲೋನಿಯಿಂದ ಬಂದು ಬಿಪಿ ನೋಡಿದಳು. ದವಾಖಾನೆಯಲ್ಲಿ ನರ್ಸ್ ಆದವಳು. ಆಕೆಯ ಮಾತು ನಂಬತಕ್ಕದ್ದು. “ಎಲ್ಲಾ ನಾರ್ಮಲ್ ಅದಪ್ಪಾ. ದಣಿದಾಳ.”

ಮೈತ್ರೀಭಾವನೆಗೆ ಕುಳಿತೆ. ‘ಸಕಲ ಜೀವಿಗಳು ಸುಖವಾಗಿರಲಿ’ ಎಂಬಲ್ಲಿ ನಾಲಿಗೆ ತಡವರಿಸಿತು. ಎದುರಿಗಿರುವ ಜೀವ ಯಾವುದು?

೨೪, ಸೋಮವಾರ. ಬೆಳಿಗ್ಗೆ.

ಮತ್ತೆ ಭಾಗಮ್ಮ. ಈ ಸಲ ಸಿಟ್ಟು.

“ನಾಚಿಕಿ ಬರಾಂಗಿಲ್ಲೇನ್ರಿ ಮಾಸ್ತರ? ಕಟ್ಟಿಕೊಂಡಾಕಿನ ಇಲ್ಲೇ ಬಿಟ್ಟು ಒಬ್ರೇ ಸಮುದ್ರ ನೋಡಿ ಬಂದ್ರಿ. ದಿನಾ ಕಟ್ಟಿ ಮ್ಯಾಲೆ ಕೂತು ದಾರಿ ನೋಡ್ತಾಳ.”

“ಶೇವಂತಾ ನನ್ನ ಮುಂದೇ ಕೂತಾಳ, ಭಾಗಮ್ಮಾ.”

“ಹೌದಾ? ಹಂಗಾದ್ರ ಈಕಿ ಕೂಡ ಮಾತಾಡ್ರಿ.”

ಫೋನಿನಲ್ಲಿ ಬಳೆಯ ಸದ್ದು. ಬಳಿಕ, ಮದುವೆಯಾದಂದಿನಿಂದ ಕೇಳಿದ ಅದೇ ದನಿ — “ಏನ್ರಿ, ವಂದನಾ ಮುಗೀತೇನು? ಚಾ ಕುಡದ್ರಿ?”

ಎದುರಿನ ಕುರ್ಚಿಯಲ್ಲಿ ಶೇವಂತಾಳ ತುಟಿ ಮುಚ್ಚಿಯೇ ಇತ್ತು. ಕೈಯಿಂದ ಫೋನ್ ಜಾರಿತು. ಆಕೆ ಬಗ್ಗಿ ಎತ್ತಿಕೊಟ್ಟಳು. ಬೆರಳು ತಣ್ಣಗಿತ್ತು, ಉಪ್ಪು ಹತ್ತಿದಂತೆ ಒರಟು.

“ಹೋಗಿ ಕರ್ಕೊಂಡು ಬರ್ರಿ,” ಅಂದಳು. ಸಿಟ್ಟಿಲ್ಲ, ಅಳುವಿಲ್ಲ. “ನಾ ಇಲ್ಲೇ ಕೂತಿರ್ತೀನಿ.”

ಹೋಗಲೇ? ಹೋಗಿ ಅಲ್ಲಿ ಯಾರೂ ಇಲ್ಲದಿದ್ದರೆ ನನ್ನ ಬುದ್ಧಿ ಕೆಟ್ಟಿದೆ. ಇದ್ದರೆ... ಇವಳ ಗತಿ?

೨೫, ಮಂಗಳವಾರ. ಕಮಲಾಪುರ ಬಸ್ ನಿಲ್ದಾಣ. ಮಧ್ಯಾಹ್ನ.

ಬೆಳಿಗ್ಗೆ ಪಂಚಶೀಲಾಳನ್ನು ತಾಯಿಯ ಬಳಿ ಕೂರಿಸಿ ಹೊರಟೆ. ಇಳಿಯುತ್ತಿದ್ದಂತೆ ಹಣ್ಣಿನ ಬಂಡಿಯ ಮಲಂಗಸಾಬ ಸಲಾಮು ಮಾಡಿದ. “ಬಂದ್ರೇನ್ ಸರ್? ಬಾಯಾರು ನಿನ್ನೀನೂ ಬಂದು ಕೇಳಿದ್ರು, ಕಲಬುರಗಿ ಬಸ್ಸಿಂದ ನಮ್ಮಾವ್ರು ಇಳಿದ್ರೇನು ಅಂತ.” ಭಾಗಮ್ಮನ ಮನೆಯತ್ತ ಹೆಜ್ಜೆ ಹಾಕಿದೆ.

ಕಟ್ಟೆಯ ಮೇಲೆ ಶೇವಂತಾ ಇದ್ದಳು. ಹುಣ್ಣಿಮೆಯ ದಿನ ಉಟ್ಟ ಸೀರೆ. ಸೊಂಟದಲ್ಲಿ ತುಂಬಿದ ಉಡಿ. ಕಂಡೊಡನೆ ಎದ್ದಳು.

“ನೋಡಿ ಬಂದ್ರಿ? ಹ್ಯಾಂಗಿತ್ತು ಸಮುದ್ರ? ಭಾಳ ದೊಡ್ಡದೇನು?”

ಹೌದೆಂದೆ. “ನನಗೂ ಒಮ್ಮೆ ತೋರಿಸ್ರಿ,” ಎಂದು ನಕ್ಕಳು. ಇದು ಶೇವಂತಾಳ ನಗು. ರೈಲಿನಲ್ಲಿ ಹಣ್ಣು ಹಂಚಿದಾಗಲೂ ಇದೇ ನಗುವಿತ್ತಲ್ಲ... ಭಾಗಮ್ಮ ಬಾಗಿಲವರೆಗೆ ಬಂದರು. “ಈ ಸಲ ಸೀದಾ ಮನಿಗೆ, ಮಾಸ್ತರ.”

ಈಗ ಆಕೆ ನನ್ನ ಎಡಗಡೆ ಬೆಂಚಿನ ಮೇಲಿದ್ದಾಳೆ. ಕೈ ಬೆಚ್ಚಗಿದೆ. ಹಿಡಿದು ನೋಡಿದೆ.

ಸ್ವಲ್ಪ ದೂರ ಸರಿದು ಮಗಳಿಗೆ ಫೋನ್ ಮಾಡಿದೆ.

“ಅವ್ವ ಎಲ್ಲಿ?”

“ಇಲ್ಲೇ ಪಡಸಾಲ್ಯಾಗ ಕೂತಾಳಪ್ಪಾ. ಊಟಕ್ಕ ಏಳವಲ್ಲಳು. ‘ಆಕಿ ಬರ್ಲಿ, ಆಕಿ ಬರ್ಲಿ’ ಅಂತಾಳ. ಯಾರ್ ಬರಾಕತ್ತಾರ? ಮತ್ತ... ಕುರ್ಚಿ ಕೆಳಗೆಲ್ಲಾ ನೀರು ನಿಂತದ. ಒರಿಸಿದಷ್ಟೂ ಬರ್ತದ. ನೀ ಲಗೂನ ಬಾ.”

ಬಸ್ಸಿನ ಧೂಳು ಕಾಣುತ್ತಿದೆ. ಈಕೆಯನ್ನು ಬಿಟ್ಟು ಹೋಗಲಾರೆ. ಕರೆದೊಯ್ದರೆ ಆಕೆ ಕುರ್ಚಿಯಿಂದ ಏಳುತ್ತಾಳೆ. ಎದ್ದು ಎಲ್ಲಿಗೆ? ನನ್ನ ಜೊತೆ ಕಡಲಿಗೆ ಓಡಿದವಳು ಆಕೆಯೇ ಅಲ್ಲವೇ?

ತ್ರಿರತ್ನಗಳ ಸಾಕ್ಷಿಯಾಗಿ ಹರಸುತ್ತೇನೆ. ಭಾಗಮ್ಮನ ಒಲೆ ಆರದಿರಲಿ. ಮಗಳು ಹೆದರದಿರಲಿ. ನಮ್ಮನ್ನು ಒಯ್ಯುವ ಬಸ್ಸಿನವನಿಗೂ ದಾರಿ ಒಳಿತಾಗಲಿ. ಹೊಸ್ತಿಲಾಚೆ ಕಾದವಳಿಗೆ, ಹೊಸ್ತಿಲೀಚೆಯಿಂದ ಬರುವವಳಿಗೆ ಕೇಡು ತಟ್ಟದಿರಲಿ. ಇಬ್ಬರಲ್ಲಿ ಉಳಿಯುವವಳು ನನ್ನನ್ನು ಕ್ಷಮಿಸಿ ಸುಖವಾಗಿರಲಿ. ಉಳಿಯದವಳಿಗೆ—