ಆರನೇ ತರಗತಿಯ ಅಂಕಗಳು

ಅಮ್ಮಾ,

ಇವತ್ತು ನಿನ್ನ ಮೊಮ್ಮಗಳು ಹಿವೋತ್‌ಳನ್ನು ಗೊಂಡರ್‌ನ ಆಸ್ಪತ್ರೆಗೆ ಕರೆದೊಯ್ದಿದ್ದೆ. ಅವಳೀಗ ಮೂರು ತಿಂಗಳ ಬಸುರಿ. ಥೈರಾಯ್ಡ್ ಪರೀಕ್ಷೆಗೆ ರಕ್ತ ತೆಗೆಯುತ್ತಾ ನರ್ಸ್ ಕೇಳಿದಳು, "ಮನೇಲಿ ಯಾರಿಗಾದ್ರೂ ಗಂಟಲು ಊದಿತ್ತಾ ಅಕ್ಕಾ?"

"ನಮ್ಮಮ್ಮಂಗೆ. ಅದು ಕರಗ್ಲಿ ಅಂತ ಕುತ್ತಿಗೆ ಸುತ್ತ ಹಚ್ಚೆ ಹಾಕಿಸಿದ್ರು," ಎಂದೆ.

"ನಂಗೆ ಚೆಂದಕ್ಕೆ ಅಂತಿದ್ದೆ, ಸುಳ್ಳಿ," ಎಂದಳು ಹಿವೋತ್ ನನ್ನತ್ತ ತಿರುಗಿ.

"ಹಚ್ಚೆಗೇ ಕರಗೋದಾದ್ರೆ ನಮಗೇನು ಕೆಲ್ಸ?" ನರ್ಸ್ ನಕ್ಕಳು.

ಮಧ್ಯಾಹ್ನ ಫಲಿತಾಂಶ ಬಂತು. ಹಾರ್ಮೋನು ಕಡಿಮೆಯಿದೆ, ದಿನಾ ಬೆಳಿಗ್ಗೆ ಮಾತ್ರೆ ನುಂಗಿ, ಆಗಾಗ ರಕ್ತ ಪರೀಕ್ಷಿಸಿಕೊಂಡರೆ ಮಗುವಿಗೆ ಭಯವಿಲ್ಲವಂತೆ.

ನೀನು ನಾಲ್ಕು ಕೂಸುಗಳನ್ನು ಮಣ್ಣಿಗಿಟ್ಟೆ. ಊರಿನವರು ಕೆಟ್ಟ ಕಣ್ಣೆಂದರು. ನನ್ನ ಆರನೇ ತರಗತಿಯ ಇಂಗ್ಲಿಷ್ ವಿಜ್ಞಾನ ಪುಸ್ತಕದಲ್ಲಿ ನಿನ್ನಂಥದೇ ಕುತ್ತಿಗೆಯ ಚಿತ್ರವಿತ್ತು, ಕೆಳಗೆ ಕಾರಣವೂ ಇತ್ತು: ಅಯೋಡಿನ್ ಕೊರತೆ, ಹೊಟ್ಟೆಯಲ್ಲಿರುವ ಕೂಸಿಗೂ ಅಪಾಯ. ಪರೀಕ್ಷೆಯಲ್ಲಿ ಅದನ್ನು ಸರಿಯಾಗಿ ಬರೆದೆ. ಆಗ ಆ ನಾಲ್ವರಲ್ಲಿ ಕೊನೆಯವನು ನಿನ್ನ ಹೊಟ್ಟೆಯಲ್ಲಿದ್ದ.

ಮನೆಗೆ ಬಂದು ನಿನಗೆ ಅಂಕಗಳನ್ನಷ್ಟೇ ತೋರಿಸಿದೆ.