ದೊರೆಯ ಕಿವಿ ಒರೆಸಿದವರು ಯಾರು

ಕಡಬ
೧೦-೮-೨೦೨೫, ಆದಿತ್ಯವಾರ

ಪ್ರೀತಿಯ ಮಗ ರಿತೇಶನಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀ ಮಗಾ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯಾ? ಮಸ್ಕತ್ತಿನಲ್ಲಿ ಈಗ ಕಾಲಿಡಲಾಗದಷ್ಟು ಬಿಸಿಲು ಎಂದು ಪಕ್ಕದ ಮನೆಯ ಫೌಝಿಯಾ ಹೇಳುತ್ತಾಳೆ. ಅವಳ ಗಂಡ ಯೂಸುಫ್ ಅಲ್ಲೇ ಇರುವುದಲ್ಲವಾ, ಸುಳ್ಳು ಹೇಳಲಿಕ್ಕಿಲ್ಲ. ನೀನು ಮಾತ್ರ ಹೋದ ವಾರ ವಿಡಿಯೋ ಕಾಲಿನಲ್ಲಿ ಮೂಗು ಒರೆಸಿಕೊಂಡು ಕೆಮ್ಮುತ್ತಾ ಇದ್ದಿ. ಅಷ್ಟು ಬಿಸಿಲಿನ ಊರಿನಲ್ಲಿ ನಮ್ಮ ಆಟಿ ತಿಂಗಳ ಮಳೆಯ ಶೀತ ನಿನಗೆ ಹೇಗೆ ಹಿಡಿಯಿತೋ ನನಗೆ ಗೊತ್ತಾಗಲಿಲ್ಲ. ಇರಲಿ. ಕಾಳುಮೆಣಸು ಜಜ್ಜಿ ಕಷಾಯ ಮಾಡಿ ಕುಡಿ. ನೀನಿರುವಲ್ಲಿ ಒಳ್ಳೆಯ ಕಾಳುಮೆಣಸು ಸಿಗುತ್ತದೆ ಎಂದುಕೊಂಡಿದ್ದೇನೆ.

ನಾನು ಸೌಖ್ಯ. ಮೆಷಿನ್ ತುಳಿಯುವಾಗ ಮಂಡಿ ಸ್ವಲ್ಪ ನೋಯುತ್ತದೆ, ಅಷ್ಟೆ. ಶಾಲೆ ಮಕ್ಕಳ ಯೂನಿಫಾರ್ಮ್ ಮುಗಿಯಿತು, ಈಗ ಅಷ್ಟಮಿ ಚೌತಿಯ ರವಿಕೆಗಳು ರಾಶಿ ಬಿದ್ದಿವೆ. ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನಾನು ಎರಡನೆಯ ಪ್ರಶ್ನೆ ಕೇಳುವಷ್ಟರಲ್ಲಿ ನಿನ್ನ ನೆಟ್‌ವರ್ಕ್ ಹೋಗುತ್ತದೆ. ಕಾಗದಕ್ಕೆ ಆ ರೋಗ ಇಲ್ಲ. ವಿಳಾಸ ಕೇಳಿದರೆ, ‘ಕ್ಯಾಂಪ್ ಬದಲಾಗ್ತಾ ಇರ್ತದೆ ಅಮ್ಮಾ’ ಎನ್ನುತ್ತಿ. ಅದನ್ನು ಆಮೇಲೆ ನೋಡುವ, ಮೊದಲು ಬರೆದು ಮುಗಿಸುತ್ತೇನೆ.

ವಿಷಯ ದೊರೆಯದ್ದು. ಪುತ್ತೂರಿನಿಂದ ನೀನು ಅವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ ದಿನ ನೆನಪುಂಟಾ? ‘ಎಂತ ಮಾರಾಯ್ತಿ ಇದು, ನಾಯಿಯಾ, ಕಾಲು ಮಡಚಿದ ಕರುವಾ?’ ಎಂದು ಫೌಝಿಯಾ ಬೇಲಿಯಾಚೆ ನಿಂತು ನಕ್ಕಿದ್ದಳು. ನೀನು ಮಾತ್ರ ಮೇಷ್ಟ್ರ ಹಾಗೆ ಪಾಠ ಮಾಡಿದ್ದಿ. ಇದು ಬ್ಯಾಸೆಟ್ ಹೌಂಡ್, ವಾಸನೆ ಹಿಡಿಯಲಿಕ್ಕೇ ಹುಟ್ಟಿದ ಜಾತಿ, ಮೂಗು ನೆಲದ ಹತ್ತಿರ ಇರಲಿ ಎಂದೇ ಕಾಲು ಗೇಣುದ್ದ, ಒಮ್ಮೆ ಮೂಗು ಕೆಳಗೆ ಹೋಯಿತೆಂದರೆ ದೇವರು ಕರೆದರೂ ಕೇಳುವುದಿಲ್ಲ ಎಂದು. ಆ ಬಾಡಿದ ಕಣ್ಣು, ಆ ಗತ್ತಿನ ನಡಿಗೆ ನೋಡಿ ದೊರೆ ಎಂದು ಹೆಸರಿಟ್ಟವಳು ನಾನು.

ಜನವರಿಯಲ್ಲಿ ನೀನು ಹೊರಡುವಾಗ ನನಗೆ ಹೇಳಿದ್ದಕ್ಕಿಂತ ಅವನ ಬಗ್ಗೆ ಹೇಳಿದ್ದೇ ಜಾಸ್ತಿ. ಬೆನ್ನು ಉದ್ದ, ಮೈ ಬಂದರೆ ಸೊಂಟ ಹೋಗುತ್ತದೆ, ಅನ್ನ ಅಳತೆಯಲ್ಲಿ ಹಾಕು. ಮೆಟ್ಟಿಲು ಹತ್ತಿಸಬೇಡ, ಎತ್ತುವಾಗ ಒಂದು ಕೈ ಎದೆಯಡಿಗೆ, ಇನ್ನೊಂದು ಹಿಂದೆ. ಕಿವಿ ಮಾತ್ರ ವಾರವಾರ ಎತ್ತಿ, ಹತ್ತಿಯಲ್ಲಿ ಮದ್ದು ಅದ್ದಿ ಒರೆಸಿ, ಪಸೆ ಉಳಿಯದ ಹಾಗೆ ಒಣಗಿಸಬೇಕು. ನಾನು ಎಲ್ಲದಕ್ಕೂ ತಲೆ ಆಡಿಸಿದೆ. ಆದರೆ ಅವನು ಅರ್ಧ ಮೂಟೆ ಅಕ್ಕಿಯ ಭಾರ. ಬೇಡವೆಂದು ಕುಳಿತರೆ ನಾನು ಹಗ್ಗ ಕಟ್ಟಿ ಎಳೆದರೂ ಏಳುವವನಲ್ಲ. ಮಳೆ ಶುರುವಾದ ಮೇಲೆ ಆ ಕಿವಿಗಳು ಗಂಜಿಯಲ್ಲೂ ಅದ್ದುತ್ತವೆ, ಕೆಸರಿನಲ್ಲೂ ಅದ್ದುತ್ತವೆ. ಜೂನಿನಲ್ಲಿ ಹತ್ತಿರ ಹೋದರೆ ಹುಳಿ ವಾಸನೆ. ದನದ ಡಾಕ್ಟರು ನೋಡಿ, ಹೀಗೇ ಬಿಟ್ಟರೆ ಕಿವಿ ಕೇಳಿಸುವುದು ನಿಂತುಹೋಗುತ್ತದೆ ಎಂದರು. ನನಗೆ ಹೆದರಿಕೆಯಾಯಿತು. ಅವನಿಗೆ ಏನಾದರೂ ಆದರೆ ನಿನಗೆ ಎಂತ ಹೇಳಲಿ ಎಂದು ಅತ್ತದ್ದೂ ಉಂಟು.

ಇನ್ನು ಸರಿಯಾಗಿ ಓದು. ಸೋಮವಾರ ನಾನು ಲೈನಿಂಗ್ ಬಟ್ಟೆ, ಹುಕ್ಸು ತರಲು ಪುತ್ತೂರಿನ ಸಂತೆಗೆ ಹೋಗುವುದು ನಿನಗೆ ಗೊತ್ತೇ ಉಂಟು. ಜೂನ್ ಕೊನೆಗೆ ಒಂದು ಸೋಮವಾರ ಬಂದು ನೋಡುತ್ತೇನೆ, ದೊರೆಯ ಕಿವಿ ಶುಭ್ರ. ಒಳಗೆ ಮಗುವಿನ ಅಂಗೈಯ ಹಾಗೆ ಕೆಂಪಗೆ, ವಾಸನೆಯ ಸುಳಿವಿಲ್ಲ. ನಾನೇ ಒರೆಸಿ ಮರೆತೆನಾ ಎಂದುಕೊಂಡೆ. ಮುಂದಿನ ಸೋಮವಾರ ಉಗುರು ಕತ್ತರಿಸಿತ್ತು. ಅದರ ಮುಂದಿನ ವಾರ ಗಲ್ಲದ ಮಡಿಕೆಗಳಲ್ಲಿ ಒಂದು ಹನಿ ಜೊಲ್ಲಿಲ್ಲ. ನಾಯಿ ಕದಿಯುವವರು ಮೊದಲು ಸ್ನೇಹ ಮಾಡುತ್ತಾರಂತೆ, ಹಾಗಾಗಿ ಗೇಟಿಗೆ ಹೊಸ ಬೀಗ ತಂದು ಹಾಕಿದೆ. ಬೀಗ ಬೀಗದಷ್ಟಕ್ಕೆ ಇತ್ತು, ಕಿವಿ ಮತ್ತೆ ಶುಭ್ರ. ನಮ್ಮ ಹಿಂದಿನ ಗೋಡೆಯಲ್ಲಿ ಎಲ್ಲಿ ಕಾಲಿಟ್ಟು ಹತ್ತಬೇಕು ಎಂದು ಆ ಕಳ್ಳನಿಗೆ ಯಾರು ಹೇಳಿಕೊಟ್ಟರು?

ಫೌಝಿಯಾಳ ಮೇಲೆ ಸಂಶಯ ಬಂದು ಕೇಳಿಯೇಬಿಟ್ಟೆ. ‘ಎಂತ ಚೆನ್ನಕ್ಕ, ಅದರ ಜೊಲ್ಲು ತಾಗಿದ್ರೆ ನಾವು ಏಳು ಸಲ ತೊಳೀಬೇಕು, ಅದ್ರಲ್ಲಿ ಒಂದು ಸಲ ಮಣ್ಣು ಹಾಕಿ. ನಾನು ಅದರ ಕಿವಿಗೆ ಕೈ ಹಾಕುದುಂಟಾ?’ ಎಂದಳು. ಅದು ಸರಿ, ಒಪ್ಪಿದೆ. ಆದರೆ ಒಳಗೆ ಹೋಗುತ್ತಾ, ‘ಸೋಮವಾರ ಇಲ್ಲಿ ಯಾರೂ ಬರ್ಲಿಲ್ಲ’ ಎಂದೂ ಸೇರಿಸಿದಳು. ನಾನು ಸೋಮವಾರದ ಸುದ್ದಿಯನ್ನೇ ಎತ್ತಿರಲಿಲ್ಲ ಮಗಾ. ಅವಳ ಹಿಂದಿನ ಕಟ್ಟೆಯ ಮೇಲೆ ಚಾ ಕುಡಿದ ಎರಡು ಗ್ಲಾಸುಗಳಿದ್ದವು. ಆ ಮನೆಯಲ್ಲಿ ಹಗಲು ಇರುವುದು ಅವಳೊಬ್ಬಳೇ.

ಹೋದ ಸೋಮವಾರ ನಾನು ಸಂತೆಯಿಂದ ಬೇಗ ಬಂದೆ. ದೊರೆ ಗೂಡಿನಲ್ಲಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹಗ್ಗ ಹಿಡಿದೆನೋ ಇಲ್ಲವೋ, ಮೂಗು ನೆಲಕ್ಕಿಟ್ಟು ನನ್ನನ್ನು ಎಳೆದುಕೊಂಡೇ ಹೋದ. ಹಿಂದಿನ ಗೋಡೆಯ ಬದಿ, ಫೌಝಿಯಾಳ ಅಂಗಳ, ಕಾಲುದಾರಿ, ಅಲ್ಲಿಂದ ಸೀದಾ ಬಸ್ ಸ್ಟ್ಯಾಂಡ್. ಪುತ್ತೂರು ಬಸ್ಸು ನಿಲ್ಲುವ ಬದಿಗಲ್ಲ, ಘಾಟಿಯ ಬುಡದ ಗುಂಡ್ಯಕ್ಕೆ ಹೋಗುವ ಬಸ್ಸು ನಿಲ್ಲುವಲ್ಲಿಗೆ. ಅಲ್ಲಿ ಕುಳಿತು ಕತ್ತು ಮೇಲೆತ್ತಿ, ಪೇಟೆಯೆಲ್ಲ ತಿರುಗಿ ನೋಡುವ ಹಾಗೆ ಊಳಿಟ್ಟ. ‘ಎಂತ ಅಮ್ಮಾ, ಇವನಿಗೊಂದು ಅರ್ಧ ಟಿಕೆಟ್ ಕೊಡ್ಬೇಕಾ?’ ಎಂದು ಕಂಡಕ್ಟರ್ ನಗಾಡಿದ. ನನಗೆ ನಗು ಬರಲಿಲ್ಲ. ಅವನು ಹಾಗೆ ಊಳಿಟ್ಟದ್ದು ನಾನು ಕೇಳಿದ್ದು ಒಮ್ಮೆ ಮಾತ್ರ, ನೀನು ಹೊರಟ ದಿನ.

ಅವನು ಕುಳಿತದ್ದು ನಿನ್ನ ಫ್ಲೆಕ್ಸಿನ ಕೆಳಗೆ. ಯುವಕ ಮಂಡಲದವರು ಜನವರಿಯಲ್ಲಿ ಕಟ್ಟಿದ್ದು ಇನ್ನೂ ಅಲ್ಲೇ ನೇತಾಡುತ್ತಿತ್ತು. ನೀನು ಕೋಟು ಹಾಕಿ ಶಾಲು ಹೊದ್ದು ನಗುತ್ತಿದ್ದಿ, ಕೆಳಗೆ ‘ವಿದೇಶಕ್ಕೆ ತೆರಳುತ್ತಿರುವ ನಮ್ಮ ಊರಿನ ಹೆಮ್ಮೆ’ ಎಂದು ಕೆಂಪಕ್ಷರ. ಮಳೆಗೆ ಅರ್ಧ ಮಾಸಿದೆ. ಅದರ ಅಡಿಯಲ್ಲಿ ಬಸ್ಸಿಳಿದು ತಲೆಯೆತ್ತಿ ನಡೆಯುವುದು ಯಾರಿಗಾದರೂ ಕಷ್ಟವೇ ಎಂದು ಆಗ ನನಗೆ ಹೊಳೆಯಿತು.

ನನ್ನದು ಸಂಶಯದ ಬುದ್ಧಿ ಎಂದು ನಿನ್ನ ಅಪ್ಪ ಇದ್ದಾಗ ಬೈಯುತ್ತಿದ್ದರು. ಅಳತೆ ಟೇಪನ್ನೂ ನಂಬದವಳು ನಾನು. ಹಾಗಾಗಿ ಕೇಳುತ್ತೇನೆ. ಯೂಸುಫ್ ಫೋನ್ ಮಾಡುವಾಗ ಇಲ್ಲಿ ಕತ್ತಲು, ಅಲ್ಲಿ ಇನ್ನೂ ಬಿಸಿಲು. ವಿಡಿಯೋದಲ್ಲಿ ನಿನ್ನ ಹಿಂದಿನ ಕಿಟಕಿ ಮಾತ್ರ ನಮ್ಮ ಕಿಟಕಿಯ ಜೊತೆಗೇ ಕಪ್ಪಾಗುತ್ತದೆ, ಅದು ಹೇಗೆ? ಶೀಟಿನ ಮೇಲೆ ಮಳೆ ಬಿದ್ದ ಸದ್ದು ಕೇಳಿದರೆ ಏಸಿ ಎಂದಿ. ಲಾರಿ ಘಾಟಿಗೆ ಏದುಸಿರು ಬಿಟ್ಟು ಹತ್ತುವ ಸದ್ದು ಕೇಳಿದರೆ, ಅದೂ ಏಸಿ ಎಂದಿ. ಅಂಥ ಏಸಿ ನಾನು ಕಂಡಿಲ್ಲ.

ಆ ಕಳ್ಳ ನಿನಗೆ ಎಲ್ಲಿಯಾದರೂ ಸಿಕ್ಕಿದರೆ ನನ್ನದೊಂದು ಮಾತು ಹೇಳು. ಒಂದು ಸೋಮವಾರ ಬಾಗಿಲ ಹಿಂದೆ ಅಡಗಿ ಕುಳಿತು ಅವನ ಕೈ ಹಿಡಿಯಲಿಕ್ಕೆ ನನಗೆ ಬರುತ್ತಿರಲಿಲ್ಲ ಎಂದಲ್ಲ. ಹಿಡಿದರೆ ಅವನಿಗೆ ಮುಖ ಎಲ್ಲಿಡುವುದೆಂದು ಗೊತ್ತಾಗಲಿಕ್ಕಿಲ್ಲ ಎಂದು ಬಿಟ್ಟೆ. ಕೆಲಸ ಹೋಗಿರಬಹುದು, ಸಿಗದೆಯೂ ಇದ್ದಿರಬಹುದು. ಅಳತೆ ತಪ್ಪಿದ ರವಿಕೆಯನ್ನು ನಾನು ದಿನಾ ಬಿಚ್ಚಿ ಹೊಲಿಯುತ್ತೇನೆ, ಅದಕ್ಕೆ ಯಾರೂ ಸಾಯಲಿಲ್ಲ. ಆದರೆ ನಾಯಿಯನ್ನು ನೋಡಲಿಕ್ಕೆ, ಅಮ್ಮ ಮನೆಯಲ್ಲಿ ಇಲ್ಲದ ದಿನ ಹುಡುಕಿ ಬಂದದ್ದಕ್ಕೆ ನನಗೆ ತುಂಬಾ ನೋವಾಯಿತು ಎಂದು ಹೇಳು.

ಆರೋಗ್ಯ ನೋಡಿಕೋ. ಫೌಝಿಯಾ ನಿನ್ನನ್ನು ಕೇಳಿದ್ದಾಳೆ ಎಂದು ಬರೆಯಬೇಕಿತ್ತು, ಆದರೆ ಅವಳು ಈಚೆಗೆ ಕೇಳುವುದನ್ನೇ ಬಿಟ್ಟಿದ್ದಾಳೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇತಿ ನಿನ್ನ ಅಮ್ಮ,
ಚೆನ್ನು

ಮರೆತೆ: ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೊರೆಯ ಕುತ್ತಿಗೆಪಟ್ಟಿಗೆ, ಎಡಗಿವಿಯ ಅಡಿಗೆ ಬರುವ ಹಾಗೆ ಹೊಲಿಯುತ್ತೇನೆ. ಆ ಕಿವಿ ಎತ್ತಿ ನೋಡುವವನು ಈ ಊರಿನಲ್ಲಿ ಒಬ್ಬನೇ. ಪೇಟೆಯ ಫ್ಲೆಕ್ಸನ್ನು ನಿನ್ನೆ ಏಣಿ ಇಟ್ಟು ನಾನೇ ಇಳಿಸಿದೆ. ಈಗ ಅದು ದೊರೆಯ ಗೂಡಿನ ಮೇಲೆ ಉಂಟು, ಅಕ್ಷರ ಒಳಗೆ ಮಾಡಿ ಹಾಸಿದ್ದೇನೆ, ಸೋರುವುದು ನಿಂತಿತು. ನಾಳೆ ಸೋಮವಾರ, ನಾನು ಪುತ್ತೂರಿಗೆ ಹೋಗುವುದಿಲ್ಲ. ಬಲಗಿವಿಯನ್ನೂ ಒರೆಸಿ ಮುಗಿಸು, ಕೈ ತೊಳೆದುಕೊಂಡು ಒಳಗೆ ಬಾ. ಹಿಂದಿನ ಬಾಗಿಲಿಗೆ ಚಿಲಕ ಹಾಕಿಲ್ಲ.