ವಿರ್ಜಿಲ್‌ನನ್ನೇ ಒಂದು ಮಾತು ಕೇಳಿ

ಮಾನ್ಯ ಆಯುಕ್ತರೇ,

ನಿಮ್ಮ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಎಲ್ಲವನ್ನೂ ತೂಗಲಾಗಿದೆ, ತೂಕಕ್ಕೆ ಇಟ್ಟವನನ್ನು ಮಾತ್ರ ಯಾರೂ ಮಾತಾಡಿಸಿಲ್ಲ. ಇದು ನನ್ನ ದೂರು. ಬರುವ ಶುಕ್ರವಾರ ನೀವು ಒಂದು ಒಪ್ಪಂದಕ್ಕೆ ಸಹಿ ಹಾಕಲಿದ್ದೀರಿ ಎಂದು ಪತ್ರಿಕೆಗಳು ಬರೆದಿವೆ. ಸಹಿ ಬಿದ್ದರೆ ತಿಬಾಯ್ ರೂಫರ್ಸ್ ತಂಡದ ವಿರ್ಜಿಲ್ ತಗುಪಾ ಮರುದಿನದಿಂದ ಪ್ರೆಸಿಡಿಯೊ ಬ್ಯಾಂಕರ್ಸ್ ತಂಡದವನು. ಛಾವಣಿಯ ತಗಡು ಮಾಡುವ ಕಾರ್ಖಾನೆ ಮತ್ತು ಬ್ಯಾಂಕು ಎರಡೂ ಒಂದೇ ಮನೆತನದವು, ಆದ್ದರಿಂದ ಎರಡು ತಂಡಗಳೂ ಅದೇ ಮನೆತನದವು. ಅಂಥ ಎರಡು ತಂಡಗಳ ನಡುವೆ ಆಟಗಾರರ ಅದಲುಬದಲು ನ್ಯಾಯವಾಗಿ ನಡೆಯುತ್ತದೆಯೋ ಇಲ್ಲವೋ ಎಂದು ನೋಡುವುದಕ್ಕೇ ನಿಮ್ಮ ಕಚೇರಿ ಇರುವುದು. ಹಾಗೆಂದು ನಾವು ನಂಬಿಕೊಂಡು ಬಂದಿದ್ದೇವೆ.

ವಿರ್ಜಿಲ್‌ಗಾಗಿ ಬಂದ ಬೇಡಿಕೆಗಳು ಮೂರು. ಅಡುಗೆ ಎಣ್ಣೆ ಕಂಪನಿಯ ತಂಡ ತನ್ನ ಮೊದಲ ಐವರಲ್ಲಿ ಇಬ್ಬರನ್ನು ಕೊಡುತ್ತೇನೆ ಎಂದಿತು. ಫೋನ್ ಕಂಪನಿಯ ತಂಡ ತನ್ನ ಅತಿ ಎತ್ತರದ ಯುವಕನನ್ನು ಬಿಟ್ಟುಕೊಡಲು ಸಿದ್ಧವಿತ್ತು. ಇನ್ನು ಹತ್ತು ವರ್ಷ ಆಡಬಲ್ಲ ಹುಡುಗ. ಬ್ಯಾಂಕಿನವರು ಕೊಡುತ್ತೇವೆಂದದ್ದು ಎರಡು ಸಲ ಶಸ್ತ್ರಚಿಕಿತ್ಸೆಯಾದ ಮೊಣಕಾಲಿನ ಒಬ್ಬ ಹಳಬನನ್ನು, ಬೆಂಚಿನಿಂದ ಏಳದ ಇಬ್ಬರನ್ನು, ಜೊತೆಗೆ ಮುಂದಿನ ವರ್ಷ ಲೀಗಿಗೆ ಬರುವ ಹೊಸಬರಲ್ಲಿ ತಮ್ಮ ಪಾಲಿನ ಮೊದಲ ಆಯ್ಕೆಯ ಹಕ್ಕನ್ನು. ತಗಡಿನ ತಂಡದ ವ್ಯವಸ್ಥಾಪಕರು ಮೂರನ್ನೂ ತೂಗಿದರು, ಎಲ್ಲಕ್ಕಿಂತ ಹಗುರವಾದುದನ್ನು ಆರಿಸಿಕೊಂಡರು. ತೂಗುವುದರಲ್ಲಿ ಇಷ್ಟು ನಿರ್ಲಿಪ್ತರಾದ ಮನುಷ್ಯರು ನಮ್ಮ ನಡುವೆ ಇರುವುದು ಸಂತೋಷದ ಸಂಗತಿ.

ನೀವು ಅದನ್ನು ಒಮ್ಮೆ ಹಿಂದಕ್ಕೆ ಕಳಿಸಿದಿರಿ ಎಂಬುದನ್ನು ನಾನು ಮರೆತಿಲ್ಲ. ‘ಸಮತೋಲನ ಕಾಣುತ್ತಿಲ್ಲ’ ಎಂದು ಬರೆದಿರಿ. ಅವರು ಬೆಂಚಿನ ಮೇಲಿದ್ದ ಇನ್ನೊಬ್ಬನನ್ನು ಸೇರಿಸಿ ಮತ್ತೆ ಕಳಿಸಿದರು. ತರಕಾರಿಯವಳು ತೂಕ ಮುಗಿದ ಮೇಲೆ ಕೊಸರಿಗೆ ನಾಲ್ಕು ಮೆಣಸಿನಕಾಯಿ ಹಾಕುವ ಹಾಗೆ. ಈ ಸಲ ಸಮತೋಲನ ಕಂಡಿತಂತೆ. ಆ ನಾಲ್ಕನೆಯವನ ಹೆಸರು ನನಗೆ ಗೊತ್ತಿಲ್ಲ. ತಾನು ಕೊಸರು ಎಂಬುದು ಅವನಿಗೆ ಪತ್ರಿಕೆ ಓದಿಯೇ ತಿಳಿದಿರಬೇಕು. ಅವನ ಬಗ್ಗೆಯೂ ಯಾರಾದರೂ ಒಂದು ಪತ್ರ ಬರೆಯಬೇಕು.

ಮರಿಕಿನಾದ ನಮ್ಮ ಬೀದಿಯ ಗಂಜಿ ಅಂಗಡಿಯಲ್ಲಿ ಈ ವಾರವೆಲ್ಲ ಇದೇ ಮಾತು. ಬಾಡಿಗೆಗೆ ಟ್ರೈಸಿಕಲ್ ಓಡಿಸುವ ಬೋಯೆತ್ ಮೊನ್ನೆ ಬೆಳಿಗ್ಗೆ ಬಟ್ಟಲು ಕೆಳಗಿಟ್ಟು ಶುರುಮಾಡಿದ.

“ಮೊಣಕಾಲು ಹೋದವನೊಬ್ಬ, ಬೆಂಚು ಕಾಯೋರು ಇಬ್ರು, ಇನ್ನೂ ಮುಖಾನೇ ನೋಡದಿರೋ ಹುಡುಗ ಒಬ್ಬ. ನನ್ನ ಗಾಡಿಗೂ ಹಿಂಗೇ ಒಬ್ಬ ಗಿರಾಕಿ ಬಂದಿದ್ದ. ಹಳೇ ಸೈಕಲ್ ಕೊಡ್ತೀನಿ, ಮುಂದೆ ಒಂದಿನ ಟೈರೂ ಕೊಡ್ತೀನಿ ಅಂತ. ಬೈದು ಓಡಿಸ್ಬಿಟ್ಟೆ. ಆಯುಕ್ತರ ಹತ್ರ ಕಳಿಸ್ಬೇಕಿತ್ತು.”

“ಈಗ ಬೆಂಚು ಕಾಯೋರು ಮೂವರು ಕಣಪ್ಪ,” ಎಂದಳು ಅಂಗಡಿಯ ಚೇರಿಂಗಮ್ಮ. “ಮೊನ್ನೆ ಇನ್ನೊಬ್ಬನ್ನ ಸೇರಿಸವ್ರೆ.”

“ಓಹೋ! ಹಂಗಾದ್ರೆ ಬಿಡು, ನಮಗೇ ಲಾಭ. ಬೆಂಚು ತುಂಬಿಹೋಯ್ತು.”

ಕ್ಷೌರಿಕ ಇಸಿಂಗ್ ಮಾತ್ರ ನಗಲಿಲ್ಲ. ಅವನು ಬ್ಯಾಂಕಿನ ತಂಡದ ಅಭಿಮಾನಿ. “ಯಾಕ್ರೋ ಹಿಂಗೆ ಸತ್ತ ಮನೆ ಥರ ಕೂತಿದ್ದೀರ? ಒಂದೇ ಮನೆ ತಾನೆ ಎರಡೂ? ಈ ಜೇಬಿಂದ ಆ ಜೇಬಿಗೆ. ಅವನೇನು ಉಪವಾಸ ಬೀಳ್ತಾನಾ? ಕಪ್ ಗೆಲ್ತಾನೆ, ಸುಖವಾಗಿರ್ತಾನೆ. ಯಾರು ಏನು ಕಳ್ಕೊಂಡ್ರು ಹೇಳಿ ನೋಡೋಣ. ಮೇಷ್ಟ್ರೇ, ನೀವಾದ್ರೂ ಹೇಳಿ.”

ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು. ‘ಒಂದೇ ಮನೆ, ಆದ್ದರಿಂದ ನಷ್ಟವಿಲ್ಲ’ ಎಂಬ ವಾದದ ತೂತನ್ನು ನನ್ನ ವಿದ್ಯಾರ್ಥಿಗಳು ಮೊದಲ ತಿಂಗಳಲ್ಲೇ ತೋರಿಸಬಲ್ಲರು: ಮನೆಗೆ ನಷ್ಟವಿಲ್ಲ ಎಂದರೆ ಮನೆಯೊಳಗಿನ ಯಾರಿಗೂ ನಷ್ಟವಿಲ್ಲ ಎಂದಾಗುವುದಿಲ್ಲ. ಇಸಿಂಗ್‌ಗೆ ಇಷ್ಟು ಹೇಳಬಹುದಿತ್ತು. ಅದರ ಬದಲು ಗಂಜಿಯಲ್ಲಿದ್ದ ಶುಂಠಿಯ ಎಳೆಗಳನ್ನು ಪಕ್ಕಕ್ಕೆ ಸರಿಸುತ್ತ ಕೂತಿದ್ದೆ. ಅದೇ ವಾದವನ್ನು, ಬಹುತೇಕ ಅದೇ ಮಾತುಗಳಲ್ಲಿ, ನಾನು ಏಳು ವರ್ಷದವನಿದ್ದಾಗ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೇಳಿದ್ದೆ.

ಹೇಳುತ್ತಿದ್ದವರು ನನ್ನ ತಾಯಿಯ ದೊಡ್ಡಮ್ಮನ ಮಗಳು, ನಮಗೆ ಕೊನ್ಸುಯೆಲೊ ದೊಡ್ಡಮ್ಮ. ಸ್ಯಾನ್ ಹುವಾನಿನಲ್ಲಿ ಅವರದು ದೊಡ್ಡ ಮನೆ. ಮಕ್ಕಳಿರಲಿಲ್ಲ. ನನ್ನ ತಂದೆ ಮರಿಕಿನಾದ ನೂರಾರು ಚಪ್ಪಲಿ ಹೊಲಿಯುವವರಲ್ಲಿ ಒಬ್ಬರು. ನಾವು ಐದು ಮಕ್ಕಳು, ಅಕ್ಕ ಪೆರ್ಪೆತುವಾ, ಮನೆಯವರ ಬಾಯಲ್ಲಿ ಪೆತ್, ಹಿರಿಯಳು. ದೊಡ್ಡಮ್ಮ ಒಳ್ಳೆಯ ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಕತೆಯನ್ನು ಕೇಡಿಗರ ಕತೆ ಎಂದು ಓದಿ ನೀವು ನಿರಾಳರಾಗುತ್ತೀರಿ. “ಒಂದೇ ಮನೆ ತಾನೆ,” ಎಂದರು ಅವರು. “ಜೀಪ್ನಿ ಹತ್ತಿದ್ರೆ ಒಂದು ಗಂಟೆ ದಾರಿ. ಪೆತ್ ಎಲ್ಲಿಗೆ ಹೋದಂಗಾಯ್ತು? ಯಾರು ಏನು ಕಳ್ಕೊಂಡ ಹಾಗಾಯ್ತು ಹೇಳು.” ಹಿಂದಿನ ಕೋಣೆಯಲ್ಲಿ ತಂದೆಯ ಸುತ್ತಿಗೆಯ ಸದ್ದು ನಿಂತಿತ್ತು; ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು. ಅಷ್ಟರಲ್ಲಿ ಅಕ್ಕ ಇನ್ನು ದೊಡ್ಡಮ್ಮನ ಮನೆಯ ಮಗಳು ಎಂದು ತೀರ್ಮಾನವಾಗಿತ್ತು.

ಬದಲಿಗೆ ಏನು ಸಿಕ್ಕಿತು? ‘ಬದಲಿಗೆ’ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ. ಆ ಮರ್ಯಾದೆ ನಮಗಿತ್ತು. ಆದರೆ ಮುಂದಿನ ಜೂನ್ ತಿಂಗಳಿನಿಂದ ನನ್ನ ಶಾಲೆಯ ಖರ್ಚೆಲ್ಲ ಸ್ಯಾನ್ ಹುವಾನಿನಿಂದ ಬರತೊಡಗಿತು, ಕಾಲೇಜು ಮುಗಿಯುವವರೆಗೂ ಬಂತು. ಕೊಸರಿಗೆ ತಂದೆಗೊಂದು ಚರ್ಮ ಹೊಲಿಯುವ ಯಂತ್ರ. ನಿಮ್ಮ ಲೀಗಿನ ಭಾಷೆಯಲ್ಲಿ ಹೇಳುವುದಾದರೆ, ಆಯುಕ್ತರೇ, ನಾನು ಆ ಒಪ್ಪಂದದ ಭವಿಷ್ಯದ ಆಯ್ಕೆ. ಕೈಯಲ್ಲಿರುವ ಒಂದು ಮಗುವಿನ ಎದುರು ತಕ್ಕಡಿಯ ತಟ್ಟೆಯಲ್ಲಿಟ್ಟದ್ದು ನನ್ನನ್ನು, ಅಂದರೆ ನಾನು ಮುಂದೆ ಏನೋ ಆಗಬಹುದು ಎಂಬ ಊಹೆಯನ್ನು. ಪತ್ರಿಕೆಗಳಲ್ಲಿ ಆ ‘ಮೊದಲ ಆಯ್ಕೆಯ ಹಕ್ಕು’ ಎಂಬ ಸಾಲನ್ನು ಓದಿದಾಗಲೆಲ್ಲ ನನಗೆ ಇನ್ನೂ ಯಾರೂ ನೋಡಿರದ ಆ ಹುಡುಗನ ನೆನಪಾಗುತ್ತದೆ. ಅವನು ಈಗ ಯಾವುದೋ ಕಾಲೇಜಿನಲ್ಲಿ ಚೆಂಡು ಪುಟಿಸುತ್ತಿರಬಹುದು. ಮುಂದಿನ ವರ್ಷ ಅವನು ಅಂಕಣಕ್ಕಿಳಿದಾಗ ಜನ ಅವನನ್ನು ನೋಡುವುದಿಲ್ಲ, ಅವನಲ್ಲಿ ವಿರ್ಜಿಲ್‌ನನ್ನು ಹುಡುಕುತ್ತಾರೆ. ನನಗದು ಚೆನ್ನಾಗಿ ಗೊತ್ತು. ಶಾಲೆಯ ವೇದಿಕೆ ಹತ್ತಿ ಬಹುಮಾನ ತೆಗೆದುಕೊಂಡು ತಿರುಗಿದಾಗ ನನ್ನ ತಾಯಿ ಚಪ್ಪಾಳೆ ತಟ್ಟುತ್ತಿರುತ್ತಿದ್ದಳು, ಅವಳ ಕಣ್ಣು ಮಾತ್ರ ಸಭೆಯಲ್ಲಿ ಅಕ್ಕ ಕೂತ ಕಡೆ ಇರುತ್ತಿತ್ತು. ನಾನು ಕೆಟ್ಟವನಾಗಲಿಲ್ಲ, ದೊಡ್ಡವನೂ ಆಗಲಿಲ್ಲ. ಒಬ್ಬ ಸಾಧಾರಣ ಮೇಷ್ಟ್ರಾದೆ. ತೂಕ ಸರಿಹೋಯಿತೇ? ನಾನು ಹೇಳಲಾರೆ, ತಟ್ಟೆಯಲ್ಲಿ ಕೂತವನಿಗೆ ಮುಳ್ಳು ಕಾಣುವುದಿಲ್ಲ.

ಅಕ್ಕನಿಗೆ ಅಲ್ಲಿ ಯಾವ ಕೊರತೆಯೂ ಆಗಲಿಲ್ಲ. ಓದಿದಳು, ಔಷಧಿ ಅಂಗಡಿ ಇಟ್ಟಳು, ಈಗ ಆ ದೊಡ್ಡ ಮನೆಯೂ ಅವಳದೇ. ತಿಂಗಳಿಗೊಮ್ಮೆ ಭಾನುವಾರ ನಮ್ಮಲ್ಲಿಗೆ ಬರುತ್ತಿದ್ದಳು. ಅಲ್ಲಿಗೆ ಹೋದ ಮೊದಲ ವರ್ಷವೇ ಒಂದು ಭಾನುವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: “ಅಮ್ಮಾ, ಒಂದು ಲೋಟ ನೀರು ಕುಡೀಲಾ?” ಹುಟ್ಟಿದಾಗಿನಿಂದ ತಾನೇ ಬಗ್ಗಿ ಮೊಗೆದುಕೊಂಡ ಗಡಿಗೆ ಅದು. ತಾಯಿ, “ಇದೇನೇ ಕೇಳೋದು, ಕುಡಿ,” ಎಂದು ಬೆಳ್ಳುಳ್ಳಿ ಸುಲಿಯುವುದನ್ನು ಮುಂದುವರಿಸಿದಳು. ಆ ದಿನ ನಮಗೆಲ್ಲ ಆಗುವುದಕ್ಕಿಂತ ಹೆಚ್ಚು ಬೆಳ್ಳುಳ್ಳಿ ಸುಲಿದಿದ್ದಳು.

ತಂದೆ ಪ್ರತಿ ಕ್ರಿಸ್‌ಮಸ್‌ಗೆ ಅವಳಿಗೊಂದು ಜೊತೆ ಶೂ ಮಾಡುತ್ತಿದ್ದರು. ಮೊದಲೆಲ್ಲ ಅವಳನ್ನು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆಯುತ್ತಿದ್ದರು. ಆಮೇಲೆ ಅತಿಥಿಯಾಗಿ ಬಂದವಳನ್ನು ಹಾಗೆ ನಿಲ್ಲಿಸಲು ಸಂಕೋಚ. ಊಹೆಯ ಮೇಲೆ ಮಾಡಿದರು. ಮಕ್ಕಳ ಪಾದ ತಂದೆಯ ಊಹೆಗಿಂತ ಬೇಗ ಬೆಳೆಯುತ್ತದೆ. ಸ್ಯಾನ್ ಹುವಾನಿನಲ್ಲಿ ಅವಳು ಅಂಗಡಿಯ ಶೂ ಹಾಕುತ್ತಿದ್ದಳು, ನಮ್ಮಲ್ಲಿಗೆ ಬರುವಾಗ ತಂದೆಯದನ್ನು. ಬೀದಿಯ ತುದಿಯಿಂದ ಮನೆಯವರೆಗೆ ನೆಟ್ಟಗೆ ನಡೆದುಬರುತ್ತಿದ್ದಳು. ಹಿಂತಿರುಗುವಾಗ ಅವಳನ್ನು ಜೀಪ್ನಿಗೆ ಬಿಡಲು ಹೋಗುತ್ತಿದ್ದವನು ನಾನು. ಸೀಟಿನ ಮೇಲೆ ಕೂತ ತಕ್ಷಣ ಅವಳು ಹಿಮ್ಮಡಿಯನ್ನು ಹೊರಗೆಳೆದು ಉಸಿರು ಬಿಡುವುದನ್ನು ನೋಡುತ್ತಿದ್ದೆ.

ಇಷ್ಟೆಲ್ಲಕ್ಕೂ ವಿರ್ಜಿಲ್‌ಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅವನು ಇಪ್ಪತ್ತೆಂಟರ ಗಂಡಸು. ತಂಡ ತನ್ನನ್ನು ಯಾರಿಗೆ ಬೇಕಾದರೂ ಕೊಡಬಹುದು ಎಂಬ ಕರಾರಿಗೆ ತಾನೇ ಸಹಿ ಹಾಕಿದವನು. ನಿಜ. ಕಾನೂನು ನಿಮ್ಮ ಕಡೆಗಿದೆ. ಆದರೆ ಅವನು ಕಳೆದುಕೊಳ್ಳುವುದೇನು ಎಂದು ನಿಮ್ಮ ಕಚೇರಿಗೆ ಗೊತ್ತಿರಲಿ. ಬೊಹೊಲ್ ದ್ವೀಪದಿಂದ ಬಂದ ಅವನನ್ನು ಎಲ್ಲ ತಂಡಗಳೂ ಬಿಟ್ಟಿದ್ದಾಗ ಕರೆದುಕೊಂಡದ್ದು ತಗಡಿನವರು. ಸದಾ ಕೊನೆಯ ಸ್ಥಾನದಲ್ಲಿದ್ದ ತಂಡವನ್ನು ಅವನು ಕಳೆದ ವರ್ಷ ಸೆಮಿಫೈನಲ್‌ವರೆಗೆ ಎಳೆದು ತಂದ. ಬ್ಯಾಂಕಿನ ತಂಡದಲ್ಲಿ ಅವನ ಜಾಗಕ್ಕೆ ಆಗಲೇ ಮೂವರಿದ್ದಾರೆ, ಮೂವರೂ ದೇಶದ ತಂಡದವರು. ಅಲ್ಲಿ ಅವನು ಕಪ್ ಗೆಲ್ಲುತ್ತಾನೆ, ಬಹುಪಾಲು ಬೆಂಚಿನ ಮೇಲೆ ಕೂತು. ಆಟಗಾರನಿಗೆ ಒಳ್ಳೆಯ ವರ್ಷಗಳು ಎಷ್ಟಿರುತ್ತವೆ ಎಂಬುದನ್ನು ಒಂದು ಕಾಲದಲ್ಲಿ ಸ್ವತಃ ಆಡಿದ ನಿಮಗೆ ನಾನು ಹೇಳಬೇಕಿಲ್ಲ.

ಕಳೆದ ಭಾನುವಾರದ ಪಂದ್ಯವನ್ನು ಅಕ್ಕನ ಮನೆಯಲ್ಲಿ ಕೂತು ನೋಡಿದೆ. ಅವಳು ಯಾವಾಗಲೂ ತಗಡಿನವರ ಕಡೆ, ಯಾಕೆಂದು ನಾನು ಕೇಳಿಲ್ಲ. ವಿರ್ಜಿಲ್ ಉದ್ದ ಪ್ಯಾಂಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಂಚಿನ ತುದಿಯಲ್ಲಿದ್ದ. ‘ಮುನ್ನೆಚ್ಚರಿಕೆಯ ಸಲುವಾಗಿ’ ಎಂದರು ವಿವರಣೆಕಾರರು. ಅವನ ಕಾಲಿಗೆ ಏನೂ ಆಗಿರಲಿಲ್ಲ. ಮಾರಾಟವಾದ ಸಾಮಾನಿಗೆ ತಲುಪಿಸುವ ಮೊದಲು ಗೀರು ಬೀಳಬಾರದಲ್ಲ. ತಂಡ ಸೋತಿತು. ಕೊನೆಯಲ್ಲಿ ಒಬ್ಬ ವರದಿಗಾರ ಅವನ ಮುಂದೆ ಮೈಕ್ ಹಿಡಿದ.

“ವಿರ್ಜಿಲ್, ಹೇಗನ್ನಿಸ್ತಿದೆ?”

“ಚೆನ್ನಾಗಿದೆ ಸರ್. ದೊಡ್ಡೋರು ಹೇಗೆ ಹೇಳ್ತಾರೋ ಹಾಗೆ. ಎಲ್ಲಾ ಒಂದೇ ಕುಟುಂಬ ಅಲ್ವಾ ಸರ್.”

“ಬೇಜಾರೇನೂ ಇಲ್ವಾ?”

“ಇಲ್ಲ ಸರ್. ಥ್ಯಾಂಕ್ಸ್ ಸರ್.”

ಅಕ್ಕ ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು. “ಅವನ ಕಣ್ಣು ನೋಡೋ. ಮೈಕ್ ಹಿಡಿದೋನ್ನ ನೋಡ್ತಿಲ್ಲ ಅವನು. ಕ್ಯಾಮೆರಾ ಹಿಂದೆ ಯಾರೋ ದೊಡ್ಡೋರು ನಿಂತವ್ರೆ.”

“ನಿನಗೆ ಹೇಗೆ ಗೊತ್ತಕ್ಕ?”

“ನನಗೆ ಗೊತ್ತಾಗ್ದೆ ಇನ್ಯಾರಿಗೆ ಗೊತ್ತಾಗ್ಬೇಕೋ, ಪೆದ್ದ.”

ಆಗ ನಾನು ಅವಳನ್ನು ಕೇಳಿದೆ. ನಲವತ್ತೇಳು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. “ಅಕ್ಕ, ಆವತ್ತು ನಿನ್ನ ಕೇಳಿದ್ರೆ ಏನಂತಿದ್ದೆ?”

ಅವಳ ಉತ್ತರವನ್ನು ಬರೆಯುವ ಮೊದಲು ನನ್ನ ಬೇಡಿಕೆಯನ್ನು ಹೇಳಿಬಿಡುತ್ತೇನೆ. ಶುಕ್ರವಾರಕ್ಕೆ ಮೊದಲು ವಿರ್ಜಿಲ್ ತಗುಪಾನನ್ನು ನಿಮ್ಮ ಕೋಣೆಗೆ ಕರೆಸಿಕೊಳ್ಳಿ. ತಗಡಿನವರು ಬೇಡ, ಬ್ಯಾಂಕಿನವರು ಬೇಡ, ಕ್ಯಾಮೆರಾ ಬೇಡ. ಬಾಗಿಲು ಹಾಕಿ. ಅವನನ್ನು ಕೂರಿಸಿ. ನೀನು ಹೋಗುತ್ತೀಯಾ ಎಂದು ಕೇಳಿ, ಅವನು ಬಾಯಿ ಬಿಡುವವರೆಗೂ ಸುಮ್ಮನಿರಿ. ಒಲ್ಲೆ ಎಂದರೆ ಒಪ್ಪಂದವನ್ನು ಹಿಂದಕ್ಕೆ ಕಳಿಸಿ. ಈ ಸಲ ಕೊಸರು ಬಂದರೂ ತೆಗೆದುಕೊಳ್ಳಬೇಡಿ. ಹೋಗುತ್ತೇನೆ ಎಂದರೆ ಸಹಿ ಹಾಕಿ, ನಾನು ಬಾಯಿ ಮುಚ್ಚುತ್ತೇನೆ. ಅವನು ಹೇಗೂ ಹೋಗುತ್ತೇನೆ ಎಂದೇ ಹೇಳುವುದಾದರೆ ಕೇಳಿ ಏನು ಪ್ರಯೋಜನ ಎನ್ನುತ್ತೀರಾ?

ಅಕ್ಕ ಕನ್ನಡಕ ತೆಗೆದು ತನ್ನ ಅಂಗಿಯ ತುದಿಯಲ್ಲಿ ಒರೆಸಿದಳು. “ಇಷ್ಟು ವರ್ಷ ಆದ್ಮೇಲೆ ನನಗೆ ತರ್ಕ ಕಲಿಸೋಕೆ ಬಂದ್ಯಾ, ಮೇಷ್ಟ್ರೇ?” ಎಂದು ನಕ್ಕಳು. ಆಮೇಲೆ ಟಿ.ವಿ.ಯ ಸದ್ದು ಕಡಿಮೆ ಮಾಡಿದಳು.

“ಹೋಗ್ತೀನಿ ಅಂತಿದ್ದೆ. ಮನೇಲಿ ಅಕ್ಕಿ ಎಷ್ಟಿತ್ತು ಅಂತ ನನಗೆ ಗೊತ್ತಿರ್ಲಿಲ್ವಾ? ನೀನು ಓದ್ಬೇಕು ಅಂತ ಅಪ್ಪನಿಗೆ ಎಷ್ಟು ಆಸೆ ಇತ್ತು ಅಂತ ಗೊತ್ತಿರ್ಲಿಲ್ವಾ? ಹೋಗ್ತೀನಿ ಅಂತಾನೇ ಅಂತಿದ್ದೆ ಕಣೋ. ಆದ್ರೆ ಆಗ ನಾನು ಹೋದ ಹಾಗೆ ಆಗ್ತಿತ್ತು. ಈಗ ನನ್ನನ್ನ ಕೊಟ್ಟ ಹಾಗಿದೆ.”

ಇಂತಿ,
ಕೇಳದೆಯೇ ಎಲ್ಲವನ್ನೂ ಪಡೆದ,
ತಿಯೊಡೊರೊ ಬಾನ್ಸಿಲ್
ಮರಿಕಿನಾ